ಮಳೆ ಬಂದರೆ ಮಿಸ್ ಹೊಡೆಯುವ ಗಾಡಿ: ಕಿಡಿ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಹೇಗೆ

ಎರಡು ಮಳೆಗಾಲದ ಹಿಂದಿನ ಮಾತು. ಬೆಟಗೇರಿಯಲ್ಲಿ ತಂಗಿಯ ಮಗಳ ನಿಶ್ಚಯ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಸಂಜೆ ಹುಬ್ಬಳ್ಳಿಗೆ ಹೊರಟಿದ್ದೆವು. ಹುಲಕೋಟಿವರೆಗೆ ಬರೀ ಜಿಟಿಜಿಟಿ. ಅಣ್ಣಿಗೇರಿ ದಾಟಿದ ಮೇಲೆ ಮಳೆ ಹಿಡಿದುಕೊಂಡಿತು. ಎದುರಿನಿಂದ ಬಂದ ಒಂದು ಲಾರಿ ಗುಂಡಿಯ ನೀರನ್ನೆಲ್ಲ ನಮ್ಮ ಗಾಡಿಯ ಮುಖಕ್ಕೆ ಎರಚಿ ಹೋಯಿತು. ಅರ್ಧ ಕಿಲೋಮೀಟರ್ ಹೋಗಿಲ್ಲ, ಇಂಜಿನ್ ಜರ್ಕ್ ಹೊಡೆಯಲು ಶುರು ಮಾಡಿತು. ಸಿಲಿಂಡರ್ ಆಗಾಗ ಹೊತ್ತದೆ ಹೋಗುವ ಇದಕ್ಕೇ ಮಿಸ್ ಅಂತಾರೆ. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ಬಿಟ್ಟರೆ ಸ್ವಲ್ಪ ಸುಮ್ಮನಾಗುತ್ತಿತ್ತು.

ಗಾಡಿ 1996ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬ್ಯುರೇಟರ್. ನಾನು 2004ರಲ್ಲಿ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಅವತ್ತು ರಸ್ತೆ ಬದಿ ನಿಲ್ಲಿಸಿ, ಬಾನೆಟ್ ಎತ್ತಿ, ಒಣ ಅರಿವೆಯಿಂದ ವೈರುಗಳನ್ನು, ಡಿಸ್ಟ್ರಿಬ್ಯೂಟರ್ ಟೋಪಿಯನ್ನು ಒರೆಸಿದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಗಾಡಿ ಚೆನ್ನಾಗಿಯೇ ಎದ್ದಿತು. ಮನೆ ಮುಟ್ಟಿದೆವು.

ಆಮೇಲೆ ನಡೆದದ್ದನ್ನು ಸ್ವಲ್ಪ ಗಮನವಿಟ್ಟು ಓದಿ. ಬಹಳ ಜನರ ದುಡ್ಡು ಹೋಗುವುದು ಇಲ್ಲೇ. ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಮೂರೂ ಪ್ಲಗ್ ಬದಲಿಸಿದರು. ಗಾಡಿ ಸರಿ ಹೋಯಿತು. ಎರಡು ವಾರಕ್ಕೆ ಮತ್ತೆ ಮಳೆ, ಮತ್ತೆ ಮಿಸ್ಸಿಂಗ್. ಈ ಸಲ ಇಗ್ನಿಷನ್ ಕಾಯಿಲ್ ಬದಲಿಸಿದರು. ಮತ್ತೆ ಸರಿ ಹೋಯಿತು. ಮೂರನೇ ಸಲ ಕಾರ್ಬ್ಯುರೇಟರ್ ಬಿಚ್ಚಬೇಕು ಅಂದರು. ಅದನ್ನೂ ಮಾಡಿಸಿದೆ. ಒಟ್ಟು ನಾಲ್ಕು ಸಾವಿರದ ಮೇಲೆ ಖರ್ಚು. ಪ್ರತಿ ಸಲವೂ ಗಾಡಿ ಸರಿ ಹೋಗಿದ್ದು ನಿಜ. ಆದರೆ ಸರಿ ಮಾಡಿದ್ದು ಪ್ಲಗ್ಗೂ ಅಲ್ಲ, ಕಾಯಿಲ್ಲೂ ಅಲ್ಲ. ಮಳೆ ನಿಂತು ಬಿಸಿಲು ಬಿದ್ದಿತ್ತು, ಅಷ್ಟೇ.

ನಾನು 31 ವರ್ಷ ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್ಡಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದವನು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಅದಕ್ಕೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪೆಟ್ರೋಲ್ ಗಾಡಿಯ ಕಿಡಿಯ ಕೆಲಸ ನನಗೆ ಹೊಸದು, ರಿಟೈರ್ ಆದ ಮೇಲೆ ಕೂತು ಕಲಿತೆ. ಆದರೆ ಶೆಡ್ಡಿನಲ್ಲಿ ಕಲಿತ ಒಂದು ಪದ್ಧತಿ ಇಲ್ಲೂ ಹಾಗೇ ನಡೆಯುತ್ತದೆ. ಏನನ್ನೂ ಬದಲಿಸುವ ಮೊದಲು ಅಳೆಯಬೇಕು. ಕರೆಂಟ್ ಎಲ್ಲಿಂದ ಹೊರಡುತ್ತದೆ, ಎಲ್ಲಿಯವರೆಗೆ ಬಂದಿದೆ, ಎಲ್ಲಿ ಕಾಣೆಯಾಗಿದೆ ಅಂತ ದಾರಿ ಹಿಡಿದು ಹೋಗಬೇಕು. ಒಂದು ಸಲಕ್ಕೆ ಒಂದೇ ವಸ್ತು ಮುಟ್ಟಬೇಕು.

ದಾರಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಸಾವಿರಗಟ್ಟಲೆ ವೋಲ್ಟ್ ಬೇಕು, ಇಪ್ಪತ್ತು ಸಾವಿರದವರೆಗೂ ಹೋಗುತ್ತದೆ. ಈ ಕೆಲಸ ಇಗ್ನಿಷನ್ ಕಾಯಿಲ್‌ನದ್ದು. ಅದರೊಳಗೆ ಎರಡು ಸುರುಳಿ ಇವೆ. ದಪ್ಪ ತಂತಿಯ ಸುರುಳಿಯಲ್ಲಿ 12 ವೋಲ್ಟಿನ ಕರೆಂಟ್ ಹರಿಯುತ್ತಿರುತ್ತದೆ. ಅದನ್ನು ಫಕ್ಕನೆ ಕಡಿದಾಗ ಸಣ್ಣ ತಂತಿಯ ಸುರುಳಿಯಲ್ಲಿ ದೊಡ್ಡ ವೋಲ್ಟೇಜ್ ಹುಟ್ಟುತ್ತದೆ. ಅಂದರೆ ಕರೆಂಟ್ ಹರಿಯುವಾಗ ಕಿಡಿ ಬರುವುದಿಲ್ಲ, ಕಡಿದಾಗ ಬರುತ್ತದೆ. ಹೀಗೆ ಕಡಿಯುವವನೇ ಪಾಯಿಂಟ್, ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಸ್ವಿಚ್. ಮೂರು ಸಿಲಿಂಡರ್ ಗಾಡಿ 3000 ಆರ್‌ಪಿಎಂನಲ್ಲಿ ಓಡುವಾಗ ಈ ಪಾಯಿಂಟ್ ಸೆಕೆಂಡಿಗೆ 75 ಸಲ ತೆರೆದು ಮುಚ್ಚುತ್ತದೆ.

ಕಾಯಿಲ್‌ನಿಂದ ಹೊರಟ ಕರೆಂಟ್ ದಪ್ಪ ವೈರಿನಲ್ಲಿ ಡಿಸ್ಟ್ರಿಬ್ಯೂಟರಿಗೆ ಬರುತ್ತದೆ. ನಮ್ಮ ಕಡೆ ಮಿಸ್ತ್ರಿಗಳು ಇದಕ್ಕೆ ಡೆಲ್ಕೊ ಅಂತಾರೆ. ಟೋಪಿಯ ನಡುವೆ ಒಂದು ಪುಟ್ಟ ಕಾರ್ಬನ್ ಕಡ್ಡಿ, ಅದರ ಕೆಳಗೆ ತಿರುಗುವ ರೋಟರ್. ರೋಟರ್ ಯಾವ ಮೊಳೆಯ ಎದುರು ಬರುತ್ತದೋ ಆ ಸಿಲಿಂಡರಿಗೆ ಕರೆಂಟ್ ಹಂಚಿಕೆ. ಮಾರುತಿ 800ರಲ್ಲಿ ಹಂಚುವ ಸರದಿ 1-3-2. ಟೈಮಿಂಗ್ ಬೆಲ್ಟ್ ಕಡೆಯದ್ದು ಒಂದನೇ ಸಿಲಿಂಡರ್. ವೈರ್ ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಬಿಳಿ ಟೇಪ್ ಸುತ್ತಿ ನಂಬರ್ ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋನೂ ತೆಗೆದಿಡಿ. ವೈರ್ ಅದಲುಬದಲಾದರೆ ಇಲ್ಲದ ಹೊಸ ತೊಂದರೆ ಹುಟ್ಟುತ್ತದೆ.

ಗಾಡಿಗೆ ಕೇಳುವ ಮೊದಲ ಪ್ರಶ್ನೆ

ಕಿಡಿಯ ತೊಂದರೆಯೋ, ಪೆಟ್ರೋಲಿನ ತೊಂದರೆಯೋ? ಗುರುತಿಸುವುದು ಅಷ್ಟೇನು ಕಷ್ಟವಲ್ಲ. ಕಿಡಿ ಹೋದರೆ ಮನೆಯಲ್ಲಿ ಲೈಟ್ ಸ್ವಿಚ್ ಆರಿಸಿದ ಹಾಗೆ, ಟಕ್ ಅಂತ ಹೋಗುತ್ತದೆ. ಪೆಟ್ರೋಲ್ ಕಮ್ಮಿ ಆದರೆ ಸೀಮೆಎಣ್ಣೆ ಸ್ಟೋವಿನ ಗಾಳಿ ಇಳಿದ ಹಾಗೆ, ಉಸಿರು ಸೋತು ಸೋತು ಹೋಗುತ್ತದೆ. ಚೋಕ್ (ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಗುಂಡಿ) ಎಳೆದರೆ ಸ್ವಲ್ಪ ಚೇತರಿಸಿಕೊಂಡಿತು ಅಂದರೆ ಪೆಟ್ರೋಲ್ ಕಡೆ ನೋಡಿ. ಚೋಕಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸಿದರೆ ಕಿಡಿಯ ಕಡೆ.

ಮುಂದಿನ ಪ್ರಶ್ನೆ, ಯಾವಾಗ? ಇದನ್ನು ಒಂದು ಹಾಳೆಯಲ್ಲಿ ಬರೆದಿಡಿ. ತಂಪು ಹವೆಯಲ್ಲೋ, ಮಳೆಯಲ್ಲೋ, ಅರ್ಧ ತಾಸು ಓಡಿ ಕಾದ ಮೇಲೋ, ಏರು ಹತ್ತುವಾಗ ಮಾತ್ರವೋ? ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಎದ್ದರೆ ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿ) ಮೇಲೆ ಅನುಮಾನ ಪಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದರ ಮಾಡ್ಯೂಲ್ ಮೇಲೆ. ಬರೀ ಥಂಡಿಯಲ್ಲಿ, ಮಳೆಯಲ್ಲಿ ಕಾಡಿದರೆ ಟೋಪಿ ಮತ್ತು ವೈರ್. ಯಾವಾಗಲೂ ಒಂದೇ ರೀತಿ ಮಿಸ್ ಇದ್ದರೆ ಪ್ಲಗ್, ಇಲ್ಲವೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು.

ನನ್ನ ಗಾಡಿ ಮಳೆಯಲ್ಲಿ, ಅದೂ ಏರಿನಲ್ಲಿ ಕಾಡುತ್ತಿತ್ತು. ಉಣಕಲ್ಲಿನ ನೃಪತುಂಗ ಬೆಟ್ಟದ ರಸ್ತೆ ಹತ್ತಿಸಿದರೆ ಖಂಡಿತ ಮಿಸ್. ಇದಕ್ಕೆ ಕಾರಣ ಇದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರುವುದು ಕಷ್ಟ, ಹೆಚ್ಚು ವೋಲ್ಟೇಜ್ ಬೇಕು. ಹೊರಗೆಲ್ಲೋ ಸೋರಿ ಹೋಗಲು ಸುಲಭದ ದಾರಿ ಇದ್ದರೆ ಕರೆಂಟ್ ಅದನ್ನೇ ಹಿಡಿಯುತ್ತದೆ. ಹೊಲಕ್ಕೆ ಬಿಟ್ಟ ನೀರು ಒಡ್ಡು ಒಡೆದ ಕಡೆ ಹರಿದುಹೋದ ಹಾಗೆ. ಸುಮ್ನೆ ನಿಂತಾಗ ಇಂಜಿನ್ ಚೆನ್ನಾಗಿದ್ದು ಏರಿನಲ್ಲಿ ಮಾತ್ರ ಕಾಡುವುದು ಇದರಿಂದಲೇ.

ಕೈ ಹಾಕುವ ಮೊದಲು

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು. ಉಂಗುರ, ಕಡಗ, ಬಳೆ, ವಾಚು ತೆಗೆದಿಡಿ. ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ಒಂದು ಉಂಗುರ ಸಿಕ್ಕಿಕೊಂಡರೆ ಬೆರಳು ಸುಡುತ್ತದೆ. ಸೆರಗು, ಓಢಣಿ, ಟವೆಲ್ ಫ್ಯಾನಿಗೆ, ಬೆಲ್ಟಿಗೆ ಸಿಗದ ಹಾಗೆ ಕಟ್ಟಿಕೊಳ್ಳಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆ ಮಾಡಲೇಬೇಡಿ, ಮೊದಲು ಅದು ಎಲ್ಲಿ ಸೋರುತ್ತಿದೆ ಅಂತ ನೋಡಿ. ಇಂಜಿನ್ ಓಡುವಾಗ ದಪ್ಪ ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದಿಂದ ದೂರ ಇರಬೇಕು, ಪಕ್ಕದಲ್ಲಿ ನಿಂತು ನೋಡುವುದೂ ಬೇಡ.

ಸಾಮಾನು ಜಾಸ್ತಿ ಬೇಕಿಲ್ಲ. ಒಂದು ಮಲ್ಟಿಮೀಟರ್, ಪ್ಲಗ್ ಪಾನಾ, ಸಂದಿ ಅಳೆಯುವ ಫೀಲರ್ ಗೇಜ್, ಪ್ಲಾಸ್ಟಿಕ್ ಹಿಡಿಕೆಯ ಇಕ್ಕಳ, ಎರಡು ವೈರ್ ಬೆಸೆದ 5 ವ್ಯಾಟಿನ ಒಂದು ಪಾರ್ಕಿಂಗ್ ಬಲ್ಬ್. ಇನ್ನೊಂದನ್ನು ನೀವೇ ಮಾಡಿಕೊಳ್ಳಿ. ಹಳೇ ಪ್ಲಗ್ಗಿನ ಬಾಗಿದ ಪಕ್ಕದ ಮೊಳೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಹಾಕಿ. ಈಗ ಕಿಡಿ ನಡುವಿನ ಕಡ್ಡಿಯಿಂದ ಸುತ್ತಲಿನ ಕಬ್ಬಿಣಕ್ಕೆ ಹಾರಬೇಕು, ಅದು ದೂರದ ಜಿಗಿತ. ಯಾಕೆ ಹೀಗೆ ಅಂದರೆ, ಮಾಮೂಲಿ ಪ್ಲಗ್ ಹೊರಗೆ ಗಾಳಿಯಲ್ಲಿ ದುರ್ಬಲ ಕಾಯಿಲ್‌ಗೂ ಕಿಡಿ ತೋರಿಸಿಬಿಡುತ್ತದೆ. ಅದನ್ನು ನಂಬಿ "ಕರೆಂಟ್ ಬರಾಕತ್ತೈತಿ ಬಿಡ್ರಿ" ಅಂತ ಬಹಳ ಜನ ಮೋಸ ಹೋಗುತ್ತಾರೆ. ಒಳಗಿನ ಒತ್ತಡದಲ್ಲಿ ಅದೇ ಕಿಡಿ ಹಾರುವುದಿಲ್ಲ. ಕೊಯ್ದ ಪ್ಲಗ್ಗಿನಲ್ಲಿ ದಪ್ಪ ನೀಲಿ ಕಿಡಿ ಚಟ್ ಚಟ್ ಅಂತ ಹಾರಿದರೆ ಆಗ ನಂಬಬಹುದು.

ದಾರಿಯನ್ನು ನಡುವೆ ಕತ್ತರಿಸಿ ನೋಡುವುದು

ಬ್ಯಾಟರಿ ಮೊದಲು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 10ರ ಹತ್ತಿರ ನಿಲ್ಲಬೇಕು. 9ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನೋ, ಅದರ ಟರ್ಮಿನಲ್ಲನ್ನೋ, ಇಂಜಿನ್ನಿನಿಂದ ಬಾಡಿಗೆ ಬರುವ ಅರ್ಥಿಂಗ್ ಪಟ್ಟಿಯನ್ನೋ ಸರಿ ಮಾಡಿ, ಆಮೇಲೆ ಮುಂದಿನದ್ದು.

ಈಗ ಇಡೀ ವ್ಯವಸ್ಥೆಯನ್ನು ಎರಡು ತುಂಡು ಮಾಡುವ ಪರೀಕ್ಷೆ. ಕಾಯಿಲ್‌ನಿಂದ ಬರುವ ನಡುವಿನ ದಪ್ಪ ವೈರನ್ನು ಟೋಪಿಯಿಂದ ಕಿತ್ತು, ಕೊಯ್ದ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ಗಿನ ಮೈಯನ್ನು ಜಂಪರ್ ಕೇಬಲ್ಲಿನಿಂದ ಇಂಜಿನ್ನಿನ ಕಬ್ಬಿಣಕ್ಕೆ ಬಿಗಿಯಾಗಿ ಕಚ್ಚಿಸಿ. ಕೈ ದೂರ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಇಲ್ಲಿ ಕಿಡಿ ಚೆನ್ನಾಗಿದ್ದರೆ ಬ್ಯಾಟರಿ, ಸ್ವಿಚ್, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಲ್ಲ ಸದ್ಯಕ್ಕೆ ಪಾಸು. ತೊಂದರೆ ಟೋಪಿಯಲ್ಲಿದೆ, ರೋಟರಿನಲ್ಲಿದೆ, ವೈರಿನಲ್ಲಿದೆ ಅಥವಾ ಪ್ಲಗ್ಗಿನಲ್ಲಿದೆ. ಇಲ್ಲಿಯೇ ಕಿಡಿ ಇಲ್ಲದಿದ್ದರೆ ಹಿಂದಕ್ಕೆ ಹೋಗಿ.

ಹಿಂದಕ್ಕೆ ಹೋದರೆ ಏನು ನೋಡಬೇಕು ಅಂತ ಬೇಗ ಹೇಳಿಬಿಡುತ್ತೇನೆ. ಕೀ ಆನ್ ಮಾಡಿದಾಗ ಕಾಯಿಲ್‌ನ ಪ್ಲಸ್‌ಗೆ ಕರೆಂಟ್ ಬರುತ್ತಿದೆಯಾ? ಇಲ್ಲದಿದ್ದರೆ ಫ್ಯೂಸ್, ಕೀ ಸ್ವಿಚ್. ಬರುತ್ತಿದ್ದರೆ ಬಲ್ಬಿನ ಒಂದು ತುದಿಯನ್ನು ಕಾಯಿಲ್‌ನ ಮೈನಸ್‌ಗೆ, ಇನ್ನೊಂದನ್ನು ಬಾಡಿಗೆ ಹಿಡಿದು ಸೆಲ್ಫ್ ಹೊಡೆಸಿ. ಬಲ್ಬ್ ಮಿಣುಕಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ. ಹತ್ತದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಪಿಕಪ್ ಇರುವ ಗಾಡಿಗೆ ಬಲ್ಬ್ ಬೇಡ, ಎಲ್‌ಇಡಿ ಟೆಸ್ಟರ್ ಬಳಸಿ. ಕಾಯಿಲ್ ಅಳೆಯುವಾಗ ವೈರುಗಳನ್ನೆಲ್ಲ ಬಿಚ್ಚಿರಬೇಕು. ಪ್ಲಸ್ ಮತ್ತು ಮೈನಸ್ ನಡುವೆ ಕಾಯಿಲ್‌ನ ಬಗೆಗೆ ತಕ್ಕಂತೆ ಒಂದರಿಂದ 3 ಓಮ್ ಆಸುಪಾಸು ಬರುತ್ತದೆ. ನಡುವಿನ ತೂತಿಗೂ ಪ್ಲಸ್‌ಗೂ 6ರಿಂದ 15 ಕಿಲೋ ಓಮ್ ಒಳಗೆ. ನನ್ನ ಗಾಡಿಯಿಂದ ತೆಗೆದಿದ್ದ ಹಳೇ ಕಾಯಿಲನ್ನು ಗ್ಯಾರೇಜಿನವರಿಂದ ಕೇಳಿ ಇಸಕೊಂಡಿದ್ದೆ. ಅಳೆದು ನೋಡಿದರೆ ಅದು ಪೂರ್ತಿ ಸರಿ ಇತ್ತು. ಈಗ ಮತ್ತೆ ಅದೇ ಗಾಡಿಯಲ್ಲಿದೆ. ಬದಲಿಸಿದ ಯಾವ ಸಾಮಾನನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅದು ನಿಮ್ಮ ದುಡ್ಡಿನ ವಸ್ತು.

ಪಾಯಿಂಟಿನ ಮುಖ ನೋಡಿ. ತಿಳಿ ಬೂದು ಬಣ್ಣ ಇದ್ದರೆ ಒಳ್ಳೆಯದು. ನೀಲಿಗಟ್ಟಿ ಸುಟ್ಟಿದ್ದರೆ, ಒಂದು ಕಡೆ ಗುಂಡಿ ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರಿನ ಕೆಲಸ ಕೆಟ್ಟಿದೆ. ಬರೀ ಪಾಯಿಂಟ್ ಬದಲಿಸಿದರೆ ಹೊಸದೂ ಅದೇ ರೀತಿ ಸುಡುತ್ತದೆ. ಗ್ಯಾಪ್ 0.4ರಿಂದ 0.5 ಮಿ.ಮೀ. ಪಾಯಿಂಟಿನ ಹಿಮ್ಮಡಿ, ಅದನ್ನು ತಿರುಗುತ್ತ ತೆರೆಯುವ ಕ್ಯಾಮಿನ ಉಬ್ಬಿನ ನೆತ್ತಿ ಮೇಲೆ ನಿಂತಾಗ ಅಳೆಯಬೇಕು, ಇಳಿಜಾರಿನಲ್ಲಿ ಅಲ್ಲ. ದಾರಿಯಲ್ಲಿ ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪನೆಯ ವಿಸಿಟಿಂಗ್ ಕಾರ್ಡ್ ಇಟ್ಟು ಸೆಟ್ ಮಾಡಿಕೊಂಡು ಮನೆ ಮುಟ್ಟಬಹುದು. ಆದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಟೈಮಿಂಗ್ ಲೈಟ್ ಇರುವವರ ಹತ್ತಿರ ಒಮ್ಮೆ ನೋಡಿಸಿ.

ಕತ್ತಲಲ್ಲಿ ಕಂಡದ್ದು

ನನ್ನ ಗಾಡಿಯಲ್ಲಿ ಕಾಯಿಲ್‌ವರೆಗೆ ಎಲ್ಲ ಸರಿ ಇತ್ತು. ಹಾಗಾದರೆ ತೊಂದರೆ ಟೋಪಿಯಿಂದ ಮುಂದೆ. ಯಾವ ಸಿಲಿಂಡರ್ ಅಂತ ಗೊತ್ತಾಗಲು ಇಂಜಿನ್ ಓಡುವಾಗ ಒಂದೊಂದೇ ಪ್ಲಗ್ಗಿನ ವೈರನ್ನು ಇಕ್ಕಳದಿಂದ ಎತ್ತಿ ನೋಡುವ ಹಳೇ ಪದ್ಧತಿ ಇದೆ. ಎತ್ತಿದಾಗ ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ಫರಕ್ ಆಗದಿದ್ದರೆ ಅದೇ ಸೋಮಾರಿ. ಪಾಯಿಂಟ್ ಇರುವ ಹಳೇ ಗಾಡಿಯಲ್ಲಿ ಮಾತ್ರ, ಅದೂ ಎರಡು ಸೆಕೆಂಡು ಮಾತ್ರ ಇದನ್ನು ಮಾಡಿ. ಕಿತ್ತ ವೈರನ್ನು ಗಾಳಿಯಲ್ಲಿ ಬಿಡಬೇಡಿ, ಕಬ್ಬಿಣದ ಹತ್ತಿರ ಹಿಡಿಯಿರಿ. ಇಲ್ಲದಿದ್ದರೆ ಕಾಯಿಲ್ ಮೇಲೆ ಭಾರ ಬೀಳುತ್ತದೆ.

ಆದರೆ ಆಗ ಒಣ ಹವೆ, ಅದೇ ನನಗೆ ತೊಂದರೆ. ಮೂರೂ ಸಿಲಿಂಡರ್ ಕೆಲಸ ಮಾಡುತ್ತಿದ್ದವು. ಬಿಸಿಲಿನಲ್ಲಿ ರೋಗವೇ ಕಾಣುತ್ತಿರಲಿಲ್ಲ. ಕಾಣದ ರೋಗಕ್ಕೆ ಔಷಧಿ ಹೇಗೆ ಕೊಡುವುದು? ರೋಗವನ್ನು ನಾವೇ ಬರಿಸಬೇಕು.

ಒಂದು ರಾತ್ರಿ ನಮ್ಮ ಕೇಶ್ವಾಪುರದಲ್ಲಿ ಕರೆಂಟ್ ಹೋಗಿತ್ತು. ಬೀದಿ ದೀಪವೂ ಇಲ್ಲ. ಹೆಂಡತಿಯನ್ನು ಸ್ಟಿಯರಿಂಗ್ ಹಿಂದೆ ಕೂರಿಸಿದೆ. ಇಸ್ತ್ರಿ ಮಾಡುವಾಗ ನೀರು ಸಿಂಪಡಿಸುವ ಬಾಟಲಿ ಕೈಯಲ್ಲಿ ಹಿಡಿದೆ. ಇಂಜಿನ್ ಚಾಲೂ ಮಾಡಿಸಿ ಬಾನೆಟ್ ಎತ್ತಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಅಂತ ಎರಡು ನಿಮಿಷ ಸುಮ್ಮನೆ ನಿಂತೆ. ಏನೂ ಕಾಣಲಿಲ್ಲ. ಆಮೇಲೆ ದೂರದಿಂದ, ಮಂಜು ಬಿದ್ದ ಹಾಗೆ ತೆಳ್ಳಗೆ ಒಂದು ಸಲ ವೈರುಗಳ ಮೇಲೆ ಸಿಂಪಡಿಸಿದೆ. ಏನಿಲ್ಲ. ಎರಡನೇ ಸಲ ಟೋಪಿಯ ಮೇಲೆ.

ಆಗ ಕಾಣಿಸಿತು. ಟೋಪಿಯ ಪಕ್ಕದಲ್ಲಿ, ಎರಡನೇ ನಂಬರಿನ ವೈರ್ ಹೊರಡುವ ಕೊಳವೆಯ ಬುಡದಿಂದ, ಕೂದಲಿನಷ್ಟು ತೆಳ್ಳನೆಯ ನೀಲಿ ಎಳೆ. ಅದು ಟೋಪಿಯನ್ನು ಬಿಗಿಹಿಡಿದ ಸ್ಕ್ರೂವಿನ ಕಡೆಗೆ ಇಳಿಯುತ್ತಿತ್ತು. ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಹುಳ ಹರಿದ ಹಾಗೆ ಅತ್ತಿತ್ತ ಹೊರಳುತ್ತಿತ್ತು. ಪ್ರತಿ ಸಲ ಎಳೆ ಮಿನುಗಿದಾಗ ಟಿಕ್ ಅಂತ ಸಣ್ಣ ಸದ್ದು, ಅದೇ ಕ್ಷಣಕ್ಕೆ ಇಂಜಿನ್ನಿನ ಒಂದು ಹೆಜ್ಜೆ ತಪ್ಪುತ್ತಿತ್ತು. ಒಳಗಿಂದ ಹೆಂಡತಿ ಕೂಗಿದಳು: "ಮಿಸ್ ಹೊಡ್ಯಾಕತ್ತೈತಿ ನೋಡ್ರಿ!" ಎರಡು ತಿಂಗಳು ಹುಡುಕಿದ್ದು ಕಣ್ಣೆದುರಿಗೇ ಇತ್ತು. ಅವಳನ್ನೂ ಇಳಿಸಿ ತೋರಿಸಿದೆ. ಇಬ್ಬರೂ ಕತ್ತಲಲ್ಲಿ ನಿಂತು ಅದನ್ನೇ ನೋಡಿದೆವು.

ಇದನ್ನು ನೀವು ಮಾಡುವುದಾದರೆ ನೀರು ಸುರಿಯಬೇಡಿ, ಮಂಜಿನಷ್ಟು ಸಾಕು. ಒದ್ದೆ ಕೈ ಗಾಡಿಯ ಹತ್ತಿರ ಒಯ್ಯಬೇಡಿ. ಒಣ ನೆಲದ ಮೇಲೆ, ಚಪ್ಪಲಿ ಹಾಕಿಕೊಂಡು ನಿಲ್ಲಿ. ಮೊದಲು ವೈರ್, ಆಮೇಲೆ ಟೋಪಿ, ಕೊನೆಗೆ ಕಾಯಿಲ್‌ನ ಬಾಯಿ, ಒಂದೊಂದೇ ಜಾಗ. ಎಲ್ಲಕ್ಕೂ ಒಟ್ಟಿಗೆ ಸಿಂಪಡಿಸಿದರೆ ಯಾವುದು ಅಂತ ಗೊತ್ತಾಗುವುದಿಲ್ಲ.

ಮರುದಿನ ಬೆಳಗ್ಗೆ ಟೋಪಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಹೊರಗೆ ಎಣ್ಣೆ, ಧೂಳು ಸೇರಿ ಕಟ್ಟಿದ ಕಪ್ಪು ಪದರ. ನಮ್ಮ ಎರಿ ಮಣ್ಣಿನ ಸೀಮೆಯ ಧೂಳು ಬೇಸಿಗೆಯಲ್ಲಿ ಎಲ್ಲ ಸಂದಿಗೂ ಹೋಗಿ ಕೂಡುತ್ತದೆ, ಥಂಡಿ ಹತ್ತಿದರೆ ಅದೇ ಕರೆಂಟಿಗೆ ದಾರಿ. ಒರೆಸಿದ ಮೇಲೆ ಭೂತಕನ್ನಡಿಯಲ್ಲಿ ನೋಡಿದರೆ ಪೆನ್ಸಿಲ್ಲಿನಿಂದ ಎಳೆದ ಹಾಗೆ ಒಂದು ಗೆರೆ. ಕೆಳಗೆ ಹೋಗುತ್ತ ಬೇರಿನ ಹಾಗೆ ಎರಡಾಗಿ ಒಡೆದಿತ್ತು. ಬಟ್ಟೆಗೆ ಹೋಗಲಿಲ್ಲ, ಉಗುರಿಗೂ ಹೋಗಲಿಲ್ಲ. ಇದಕ್ಕೆ ಕಾರ್ಬನ್ ಟ್ರ್ಯಾಕ್ ಅಂತಾರೆ. ಕಿಡಿ ಒಮ್ಮೆ ಹರಿದಾಗ ಪ್ಲಾಸ್ಟಿಕ್ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲಿನಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಸುಲಭ. ಒರೆಸಿ ಒಣಗಿಸಿದರೆ ಎರಡು ದಿನ ಓಡುತ್ತದೆ, ರೋಗ ಹೋಗುವುದಿಲ್ಲ. ಕೆರೆದು ತೆಗೆಯಲು ಹೋಗಬೇಡಿ, ಕೆರೆದ ಗೀರಿನಲ್ಲಿ ಮತ್ತೆ ಕೊಳೆ ಕೂಡುತ್ತದೆ. ಟೋಪಿ ಬದಲಿಸುವುದೊಂದೇ ದಾರಿ. ಇದರಲ್ಲಿ ಗಾಡಿ ಮಾಡಿದವರ ತಪ್ಪೇನೂ ಇಲ್ಲ. ಅಷ್ಟು ವರ್ಷ ಕಾವು, ಥಂಡಿ ಉಂಡ ಪ್ಲಾಸ್ಟಿಕ್ ಅದು.

ಟೋಪಿ ಬಿಚ್ಚಿದ ಮೇಲೆ ಒಳಗೂ ನೋಡಿ. ನಡುವಿನ ಕಾರ್ಬನ್ ಕಡ್ಡಿ ಬೆರಳಲ್ಲಿ ಒತ್ತಿದರೆ ಸ್ಪ್ರಿಂಗಿನ ಹಾಗೆ ಒಳಹೋಗಿ ಹೊರಬರಬೇಕು. ರೋಟರಿನ ತುದಿ ಸವೆದು ಕರಕಲಾಗಿದ್ದರೆ ಟೋಪಿ ಜೊತೆಗೇ ಬದಲಿಸಿ. ನಾನು ಎರಡನ್ನೂ ಬದಲಿಸಿದೆ.

ವೈರುಗಳನ್ನು ಮಲ್ಟಿಮೀಟರಿನಲ್ಲಿ ಅಳೆದೆ. ಕಾರ್ಬನ್ ನೂಲಿನ ವೈರ್ ಆದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 16 ಕಿಲೋ ಓಮ್ ಲೆಕ್ಕ, ಒಂದೊಂದು ವೈರ್ 20 ಕಿಲೋ ಓಮ್ ಒಳಗೆ ಇರಬೇಕು. ಅಳೆಯುವಾಗ ವೈರನ್ನು ಮೆಲ್ಲಗೆ ಬಾಗಿಸಿ, ಅಲ್ಲಾಡಿಸಿ. ನನ್ನ ಮೂರನೇ ವೈರ್ ನೇರವಾಗಿದ್ದಾಗ 7 ಕಿಲೋ ಓಮ್ ತೋರಿಸುತ್ತಿತ್ತು, ಬಾಗಿಸಿದರೆ ಓಪನ್. ಒಳಗೆ ಎಳೆ ಕಡಿದಿತ್ತು. ವೈರ್ ಹಿಡಿದು ಎಳೆದೆಳೆದು ಬಿಚ್ಚುವುದರಿಂದ ಆಗುವ ಗಾಯ ಇದು. ರಬ್ಬರ್ ಟೋಪಿ ಹಿಡಿದು ಸ್ವಲ್ಪ ತಿರುವಿ ಕೀಳಬೇಕು. ಮೂರೂ ಹೊಸದು ಹಾಕಿದೆ.

ಪ್ಲಗ್ಗಿನ ಮುಖ

ಇಂಜಿನ್ ಪೂರ್ತಿ ಆರಿದ ಮೇಲೆಯೇ ಪ್ಲಗ್ ಬಿಚ್ಚಿ. ಪ್ಲಗ್ ಕೂರುವ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಕಾದಾಗ ಬಿಚ್ಚಿದರೆ ಮರೆ (ಥ್ರೆಡ್) ಕಿತ್ತು ಬರಬಹುದು. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ. ಬಿಸ್ಕೀಟಿನ ಕಂದು ಬಣ್ಣ ಇದ್ದರೆ ಎಲ್ಲ ಕ್ಷೇಮ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಆ ಸಿಲಿಂಡರ್ ಹೊತ್ತಿಯೇ ಇಲ್ಲ. ಎಣ್ಣೆ ಜಿಡ್ಡು ಇದ್ದರೆ ಅದು ರಿಂಗ್ ಅಥವಾ ವಾಲ್ವ್ ಸೀಲ್ ಮಾತು, ಇಗ್ನಿಷನ್ ದೋಷವಲ್ಲ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಪ್ಲಗ್ ತೀರ ಕಾಯುತ್ತಿದೆ.

ನನ್ನ ಗಾಡಿಗೆ ಗ್ಯಾಪ್ 0.7ರಿಂದ 0.8 ಮಿ.ಮೀ. ಹಾಕುವಾಗ ಪಾನಾ ಹಿಡಿಯಬೇಡಿ. ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದ ತಿರುವಿ. ಮರೆ ಅಡ್ಡ ಹೋದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಕೈಯಲ್ಲಿ ಪೂರ್ತಿ ಕೂತ ಮೇಲೆ ಹೊಸ ಪ್ಲಗ್ಗಾದರೆ ಪಾನಾದಿಂದ ಅರ್ಧ ಸುತ್ತು, ಹಳೆಯದಾದರೆ ಸ್ವಲ್ಪ ಬಿಗಿ ಸಾಕು.

ಹೊಸ ಗಾಡಿಗಳಿಗೆ

ಮಗನ ಗಾಡಿಯಲ್ಲಿ ಡೆಲ್ಕೊ ಇಲ್ಲ, ಉದ್ದ ವೈರೂ ಇಲ್ಲ. ಪ್ರತಿ ಪ್ಲಗ್ಗಿನ ತಲೆ ಮೇಲೆ ಅದರದ್ದೇ ಕಾಯಿಲ್ ಕೂತಿದೆ. ಅಲ್ಲಿ ವೈರ್ ಎತ್ತಿ ನೋಡುವುದು, ನೀರು ಸಿಂಪಡಿಸುವುದು ಬೇಡ, ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಓಬಿಡಿ ರೀಡರ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷ ತೋರಿಸುವ ಉಪಕರಣ) ಹಚ್ಚಿ ಕೋಡ್ ಓದಿ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಎರಡನೆಯದು. ಪಿ0300 ಅಂದರೆ ಒಂದೇ ಕಡೆ ಅಲ್ಲ, ಎಲ್ಲೆಲ್ಲೋ. ಪಿ0302 ಬಂತು ಅನ್ನಿ. ಇಂಜಿನ್ ಆರಿಸಿ, ಎರಡನೇ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಅದಲುಬದಲು ಮಾಡಿ. ಕೋಡ್ ಅಳಿಸಿ, ಒಂದು ರೌಂಡ್ ಓಡಿಸಿ ಬನ್ನಿ. ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆ ಹೋಯಿತು, ಕಾಯಿಲ್ ಕೆಟ್ಟಿದೆ. ಪಿ0302ನೇ ಉಳಿದರೆ ಕಾಯಿಲ್ ತಪ್ಪಿಲ್ಲ, ಪ್ಲಗ್ ಅದಲುಬದಲು ಮಾಡಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ಇಂಜಿನ್ ಲೈಟ್ ಮಿಣಮಿಣ ಅಂತ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ಓಡಿಸಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಅದರ ಬೆಲೆ ಕಾಯಿಲ್‌ನ ಬೆಲೆಗಿಂತ ಎಷ್ಟೋ ಪಟ್ಟು.

ಸರಿ ಆಯಿತು ಅನ್ನುವ ಮೊದಲು

ತೊಂದರೆಯನ್ನು ತೋರಿಸಿದ್ದು ಯಾವ ಪರೀಕ್ಷೆಯೋ ಅದನ್ನೇ ಮತ್ತೆ ಮಾಡಿ. ಬಿಸಿಲಿನಲ್ಲಿ ಒಂದು ರೌಂಡ್ ಓಡಿಸಿ "ಆತು" ಅಂದುಕೊಂಡು ನಾನು ಮೂರು ಸಲ ಮೋಸ ಹೋಗಿದ್ದೆ. ಈ ಸಲ ಹೊಸ ಟೋಪಿ, ರೋಟರ್, ವೈರ್ ಹಾಕಿದ ಮೇಲೆ ರಾತ್ರಿ ಅದೇ ಇಸ್ತ್ರಿ ಬಾಟಲಿ ತಂದೆ. ಹೆಂಡತಿ ಮತ್ತೆ ಸ್ಟಿಯರಿಂಗ್ ಹಿಂದೆ. ವೈರಿನ ಮೇಲೆ, ಟೋಪಿಯ ಮೇಲೆ, ಕಾಯಿಲ್‌ನ ಬಾಯಿಗೆ ಸಿಂಪಡಿಸಿದೆ. ಎಲ್ಲೂ ನೀಲಿ ಎಳೆ ಇಲ್ಲ, ಸದ್ದೂ ಇಲ್ಲ. ಮೊದಲ ಮಳೆಗೆ ನೃಪತುಂಗ ಬೆಟ್ಟದ ರಸ್ತೆಯನ್ನು ಥರ್ಡ್ ಗೇರಿನಲ್ಲಿ ಹತ್ತಿಸಿ ಬಂದೆ, ಒಂದು ಜರ್ಕ್ ಇಲ್ಲ.

ಆಮೇಲೆ ಹಳೇ ಕಾಯಿಲನ್ನು ವಾಪಸ್ ಹಾಕಿ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿದೆ. ಹೊಸದು ಡಿಕ್ಕಿಯಲ್ಲಿ ಸ್ಪೇರ್ ಆಗಿ ಕೂತಿದೆ, ಜೊತೆಗೆ ಒಂದು ಪ್ಲಗ್, ಪಾನಾ, ಒಣ ಅರಿವೆ, ಆ 5 ವ್ಯಾಟಿನ ಬಲ್ಬ್. ಗೆರೆ ಬಿದ್ದ ಟೋಪಿಯನ್ನೂ ಇಟ್ಟಿದ್ದೇನೆ. ಪಕ್ಕದ ಮನೆ ಹುಡುಗರು ಗಾಡಿ ಕಲಿಯಲು ಬಂದಾಗ ಮೊದಲು ಅದನ್ನು ಕೈಗೆ ಕೊಟ್ಟು, ಗೆರೆ ಎಲ್ಲಿದೆ ಹುಡುಕು ಅನ್ನುತ್ತೇನೆ.